ಯಾರೂ ನೋಡದ ಜಾಗಕ್ಕೆ ಹೋದ ಕೊಪ್ಪರಿಗೆ

ನಾನು ಒಂದು ತಾಮ್ರದ ಕೊಪ್ಪರಿಗೆ. ಓದು ಬರಹ ನನಗೆ ಬಾರದು. ನನ್ನ ಕೊರಳಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ‘ಸಾವಂತ್ರವ್ವ, ಬೆಣಚಿನಾಳ’ ಎಂಬುದಷ್ಟೇ ನನ್ನ ವಿದ್ಯೆ. ಆದರೆ ನೆನಪು ಗಟ್ಟಿ. ಪೆಟ್ಟು ತಿಂದು ಬೆಳೆದ ಲೋಹ ಬೇಗ ಮರೆಯುವುದಿಲ್ಲ.

ಹೊಳೆಯ ದಂಡೆಯ ಬೆಣಚಿನಾಳದಲ್ಲಿ ಕಂಚಗಾರ ದ್ಯಾಮಣ್ಣ ತಗಡು ಕಾಸಿ, ಬಡಿದು ಬಡಿದು ನನಗೆ ಹೊಟ್ಟೆ ಬರಿಸಿದ. ಎರಡೂ ಕಡೆ ಬಳೆಯಂಥ ಹಿಡಿಕೆ ಹಾಕಿದ. ಕೊನೆಗೆ ಒಳಗೆಲ್ಲ ಕಲಾಯಿ ಹಾಕಿದ. ಕಲಾಯಿ ಎಂದರೆ ತವರದ ತೆಳ್ಳನೆ ಲೇಪ, ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅದು ಸವೆದರೆ ಹುಳಿ ಪದಾರ್ಥ ನೇರವಾಗಿ ತಾಮ್ರಕ್ಕೆ ತಾಗುತ್ತದೆ, ಹಸಿರು ಕಿಲುಬು ಏಳುತ್ತದೆ. ಕಿಲುಬು ಹೊಟ್ಟೆಗೆ ಹೋದರೆ ವಿಷ. ನನ್ನನ್ನು ಕೊಳ್ಳಲು ಬಂದ ತಾಯಿಗೆ ದ್ಯಾಮಣ್ಣ ಅದನ್ನೇ ಹೇಳಿದ. ವರ್ಷಕ್ಕೊಮ್ಮೆ ಕಲಾಯಿ ಹಾಕಿಸಿದರೆ ಮೊಮ್ಮಕ್ಕಳ ಮದುವೆಯ ಅಡಿಗೆಯೂ ಇದರಲ್ಲೇ ಆದೀತು ಎಂದ.

ಆ ತಾಯಿಯ ಮಗಳೇ ಸಾವಂತ್ರವ್ವ. ಗುಳೇದಗುಡ್ಡದ ನೇಕಾರರ ಮನೆಗೆ ಮದುವೆಯಾಗಿ ಹೊರಟಾಗ ಬಂಡಿಯಲ್ಲಿ ನನ್ನ ಹಿಡಿಕೆ ಬಿಡದೆ ಕೂತಿದ್ದಳು. ಅಂದಿನಿಂದ ಆ ಓಣಿಯ ಮದುವೆ, ತೊಟ್ಟಿಲು, ದಿನ ಕರ್ಮ ಎಲ್ಲಕ್ಕೂ ನಾನೇ ಬೇಕು. ವರ್ಷಕ್ಕೊಮ್ಮೆ ಕಲಾಯಿಯವನು ತಿದಿ ಹೊತ್ತು ಬರುತ್ತಿದ್ದ, ಅವನನ್ನು ಕೂಗಿ ನಿಲ್ಲಿಸುವವಳು ಸಾವಂತ್ರವ್ವನೇ.

ಆಮೇಲೆ ಹೊಳೆಗೆ ಆಣೆಕಟ್ಟು ಬಂತು. ಬೆಣಚಿನಾಳ ಮುಳುಗಿತು. ಅವಳ ತವರಿನವರು ದಿಕ್ಕಾಪಾಲಾಗಿ ಹೋದರು. ಬೇಸಿಗೆಯ ಕೊನೆಗೆ ನೀರು ಇಳಿದಾಗ ಊರಿನ ಗೋಡೆಗಳು ಮೇಲೆ ಕಾಣುತ್ತವೆ ಎಂದು ಯಾರೋ ಹೇಳಿದ್ದನ್ನು ಅವಳು ಮನಸ್ಸಿನಲ್ಲಿಟ್ಟುಕೊಂಡಳು. ತವರಿಗೆ ಹೋದ ಮಗಳಿಗೆ ಅಕ್ಕಿ, ಕಾಯಿ, ಕುಬಸ ಇಟ್ಟು ಉಡಿ, ಅಂದರೆ ಮಡಿಲು, ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಅವಳಿಗೆ ಉಡಿ ತುಂಬುವ ಕೈಗಳೇ ಉಳಿದಿರಲಿಲ್ಲ. ಹೊಸ್ತಿಲಾದರೂ ಇದ್ದೀತು, ಅದರ ಮೇಲೆ ಒಮ್ಮೆ ಕೂತು ತಾನೇ ತುಂಬಿಕೊಂಡು ಬರಬೇಕು ಎಂಬುದೊಂದೇ ಅವಳ ಆಸೆ. ಗಂಡ ಮಗ್ಗ ಬಿಟ್ಟು ಕದಲುವವನಲ್ಲ. ಒಬ್ಬರೇ ಹೋಗುವ ರೂಢಿ ಆ ಮನೆಯ ಹೆಂಗಸರಿಗೆ ಇರಲಿಲ್ಲ.

ಆದ್ದರಿಂದ ಅವಳು ಓಣಿಯ ಪ್ರವಾಸವನ್ನು ನಂಬಿದಳು.

ಈ ಪ್ರವಾಸದ ಹುಚ್ಚು ಹಚ್ಚಿದವನು ಅವಳ ಮೈದುನ ಶಿವಪುತ್ರಪ್ಪ, ಕುಬಸದ ಖಣದ ವ್ಯಾಪಾರಿ. ಮೇಲಿನ ಓಣಿಯವರು ಪ್ರತಿ ವರ್ಷ ಬಸ್ಸು ಮಾಡಿಕೊಂಡು ಗೋವಾ, ತಿರುಪತಿ, ಮೈಸೂರು ಎಂದು ಹೋಗಿ ಬಂದು ಹೇಳಿದ್ದೇ ಹೇಳುತ್ತಿದ್ದರು. ಶಿವಪುತ್ರಪ್ಪನಿಗೆ ಅದು ತಡೆಯಲಿಲ್ಲ. ನಾವು ಯಾರೂ ನೋಡದ ಜಾಗಕ್ಕೇ ಹೋಗಬೇಕು ಎಂದು ಪಟ್ಟು ಹಿಡಿದ. ಬೇಸಿಗೆ ಹತ್ತಿರ ಬಂದಾಗ ಓಣಿಯ ಕಟ್ಟೆಯ ಬಳಿ ಬೋರಲು ಹಾಕಿದ ನನ್ನ ಮೇಲೆ ಕೂತುಕೊಳ್ಳುತ್ತಿದ್ದ. ಹೀಗಾಗಿ ಎಲ್ಲ ಯೋಜನೆಯೂ ನನ್ನ ಬೆನ್ನ ಮೇಲೇ ಆದದ್ದು. ಒಬ್ಬೊಬ್ಬರು ಒಂದೊಂದು ಊರಿನ ಹೆಸರು ಹೇಳಬೇಕು. ಅದನ್ನು ನೋಡಿದ್ದೇನೆ ಎಂದು ಓಣಿಯಲ್ಲಿ ಒಂದು ಬಾಯಿ ತೆರೆದರೂ ಸಾಕು, ಆ ಊರು ಬಿತ್ತು. ಅಲ್ಲಿ ಗುಡಿಯಿದೆಯೋ, ನೆರಳಿದೆಯೋ, ಕುಡಿಯಲು ನೀರಿದೆಯೋ ಎಂದು ಒಬ್ಬನೂ ಕೇಳುತ್ತಿರಲಿಲ್ಲ.

ಸಾವಂತ್ರವ್ವ ಪ್ರತಿ ವರ್ಷ ಬೆಣಚಿನಾಳ ಎನ್ನುತ್ತಿದ್ದಳು.

“ನೀ ಅದನ್ನ ನೋಡೀ ಇಲ್ಲೋ, ವೈನಿ?” ಎಂದು ಶಿವಪುತ್ರಪ್ಪ ಕೇಳುತ್ತಿದ್ದ.

“ಹುಟ್ಟಿದ ಊರಪಾ, ನೋಡದ ಇರತೇನೇನು?”

“ಮತ್ತ ಮುಗೀತಲ್ಲ. ಒಬ್ಬರು ನೋಡಿದ್ದು ಬ್ಯಾಡಂತ ಮಾತಾಗೇತಿ. ಮ್ಯಾಲ ಅಲ್ಲೇನೈತಿ, ರಾಡಿ.”

ವೈನಿಗೆ ಈಜು ಬರುತ್ತದೇನು ಕೇಳಿರಿ ಎಂದು ಯಾರಾದರೂ ನಗಿಸುತ್ತಿದ್ದರು. ಅವಳೂ ಸ್ವಲ್ಪ ನಕ್ಕು ಒಳಗೆ ಹೋಗುತ್ತಿದ್ದಳು.

ಹೀಗೆ ನಾನು ಬಸ್ಸಿನ ಡಿಕ್ಕಿಯಲ್ಲಿ ಉರುಳುತ್ತ ದೇಶ ಸುತ್ತಿದೆ. ಕೊಂಕಣದ ಕಡೆ ಹೆಸರೇ ಗೊತ್ತಿಲ್ಲದ ಒಂದು ಕಡಲ ದಂಡೆ, ತೆಲುಗು ಸೀಮೆಯ ಒಂದು ಗವಿ, ಹತ್ತಿರದ ಗುಡ್ಡಗಳ ಸಂದಿಯ ಹಳ್ಳಗಳು. ನೋಡಿ ಸಂತೋಷಪಟ್ಟೆ ಎಂದು ಹೇಳಿದರೆ ಸುಳ್ಳಾದೀತು. ನಾನು ಕಂಡದ್ದು ಎಂಜಲು. ಇಳಿದ ಕೂಡಲೆ ಒಲೆ, ಉಂಡ ಕೂಡಲೆ ನಿದ್ದೆ, ಎದ್ದ ಕೂಡಲೆ ಹೊಟ್ಟೆಯ ಗ್ಯಾಸಿನ ಮಾತು. ಗವಿಯ ಗೋಡೆಗೆ ಗುಟ್ಕಾ ಉಗುಳುವುದು. ಪತ್ರಾವಳಿ, ಪ್ಲಾಸ್ಟಿಕ್ಕಿನ ಲೋಟ ಗಾಳಿಗೆ ಬಿಟ್ಟು ಬಸ್ಸು ಹತ್ತುವುದು. ಯಾರೂ ನೋಡದ ಜಾಗವನ್ನು ಇವರು ನೋಡಿದ ಮೇಲೆ ಇನ್ನು ಯಾರೂ ನೋಡಲಾರದ ಹಾಗೆ ಮಾಡಿ ಬರುತ್ತಿದ್ದರು.

ಒಂದು ಗುಡ್ಡದ ಬುಡದಲ್ಲಿ ಸಣ್ಣ ಹೊಂಡದಂಥ ಒರತೆ ಇತ್ತು. ಕುರಿ ಕಾಯುವವರ ಕುಡಿಯುವ ನೀರು. ನಮ್ಮವರು ನನ್ನನ್ನು ಅದರೊಳಗೇ ಮಗುಚಿ ಸೋಪು ಹಾಕಿ ತೊಳೆದರು. ಕೊಡ ಹಿಡಿದು ಬಂದ ಒಬ್ಬ ಹೆಂಗಸು ನೀರಿನ ಮೇಲೆ ತೇಲುವ ಎಣ್ಣೆಯನ್ನು ನೋಡಿದಳು, ನಮ್ಮವರನ್ನು ನೋಡಿದಳು, ಖಾಲಿ ಕೊಡದೊಡನೆ ತಿರುಗಿ ಹೋದಳು. ಆ ಎಣ್ಣೆ ನನ್ನ ಹೊಟ್ಟೆಯದು. ಅವತ್ತು ನನಗೆ ನನ್ನ ಮೈಯೇ ಹೇಸಿಗೆಯಾಯಿತು.

ಈ ನಡುವೆ ಶಿವಪುತ್ರಪ್ಪನ ಮನೆಗೆ ಪೂರ್ಣಿಮಾ ಎಂಬ ಸೊಸೆ ಬಂದಳು. ಜಾಗ ಹುಡುಕುವುದು ಅವಳ ಫೋನಿನ ಪಾಲಾಯಿತು. ಒಂದು ಬೇಸಿಗೆ ಅವಳು ಕಟ್ಟೆಯ ಮೇಲೆ ಎಲ್ಲರಿಗೂ ಒಂದು ವಿಡಿಯೋ ತೋರಿಸಿದಳು. ಇಳಿದ ನೀರಿನ ನಡುವೆ ಒಂದು ಕಲ್ಲಿನ ದೀಪದ ಕಂಬ, ಸುತ್ತ ಮುರಿದ ಗೋಡೆಗಳು. ಯಾರಿಗೂ ಗೊತ್ತಿಲ್ಲದ ಜಾಗ ಎಂದು ಅದರಲ್ಲೇ ಬರೆದಿತ್ತಂತೆ. ಲಕ್ಷಗಟ್ಟಲೆ ಜನ ನೋಡಿದ್ದರಂತೆ.

ಸಾವಂತ್ರವ್ವ ಫೋನನ್ನು ಕೈಗೆ ತೆಗೆದುಕೊಂಡಳು. “ಇದು ನಮ್ಮ ಕಂಬ. ಇದರ ಬುಡಕ್ಕ ನಮ್ಮ ಮನಿ,” ಎಂದಳು.

“ಇಂಥಾ ಜಾಗ ಇಟಗೊಂಡು ಇಷ್ಟು ವರ್ಷ ಬಾಯಿ ಬಿಡಲಿಲ್ಲಲ್ಲ ವೈನಿ ನೀ,” ಎಂದ ಶಿವಪುತ್ರಪ್ಪ.

ಅವನು ಚೇಷ್ಟೆಗೆ ಹೇಳಿದ್ದಲ್ಲ. ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ. ಅದೇ ನನಗೆ ಹೆಚ್ಚು ಅಸಹ್ಯವಾಯಿತು.

ಮೇಲಿನ ಓಣಿಯವರಿಗಿಂತ ಮೊದಲು ಮುಟ್ಟಬೇಕು ಎಂದು ಅವಸರದಲ್ಲಿ ಬಸ್ಸು ಗೊತ್ತಾಯಿತು. ಅಡಿಗೆಗೆ ಸ್ಟೀಲಿನ ಪಾತ್ರೆ ಬಾಡಿಗೆಗೆ ಸಿಗುತ್ತಿತ್ತು. ಆದರೆ ಹಳೆಯ ಊರಿನಲ್ಲಿ ಹಳೆಯ ತಾಮ್ರದ ಪಾತ್ರೆಯಿದ್ದರೆ ಫೋಟೋ ಚಂದ ಬರುತ್ತದೆ ಎಂದು ಪೂರ್ಣಿಮಾ ನನ್ನನ್ನು ಆರಿಸಿದಳು. ಹುಣಸೆಹಣ್ಣು, ಉಪ್ಪು ಹಾಕಿ ನನ್ನ ಹೊರಮೈ ತಿಕ್ಕಿಸಿದಳು. ಹೊಸ ಮದುವೆಯವಳ ಹಾಗೆ ಹೊಳೆದೆ. ಒಳಗೆ ಯಾರೂ ಬಗ್ಗಿ ನೋಡಲಿಲ್ಲ. ಕಲಾಯಿಯವನು ಓಣಿಗೆ ಬರುವುದು ನಿಂತು ಹೋಗಿತ್ತು. ಆಮೇಲಿನ ವರ್ಷಗಳಲ್ಲಿ ಸಾವಂತ್ರವ್ವ ನನ್ನನ್ನು ಪೇಟೆಗೆ ಕಳಿಸಿ ಹಾಕಿಸುತ್ತಿದ್ದಳು. ಈ ಸಲ ಅವಳ ಚಿತ್ತವೆಲ್ಲ ಉಡಿಯ ಗಂಟಿನಲ್ಲಿತ್ತು. ಅಕ್ಕಿ ಆರಿಸಿದಳು, ಕಾಯಿ ಅಲುಗಿಸಿ ನೋಡಿದಳು, ಹಸಿರು ಖಣದ ಕುಬಸ ಮಡಿಚಿಟ್ಟಳು. ನನ್ನ ಒಳಗೆ ಹಸಿರು ಎದ್ದಿದ್ದನ್ನು ನೋಡಲಿಲ್ಲ. ನಾನು ಹೇಗೆ ಹೇಳಲಿ?

ಬೆಣಚಿನಾಳ ಮುಟ್ಟಿದಾಗ ಯಾರೂ ನೋಡದ ಜಾಗದಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ದೀಪದ ಕಂಬದ ಗೂಡುಗಳಲ್ಲಿ ಚಿಪ್ಸಿನ ಪಾಕೀಟು ತುರುಕಿದ್ದರು. ಕೆಸರಿನಲ್ಲಿ ಬಾಟಲಿ, ಮಕ್ಕಳ ಚಡ್ಡಿ. ಎಲ್ಲಿಂದಲೋ ಹಾಡು ಕಿವಿ ಕೊರೆಯುತ್ತಿತ್ತು. ದ್ಯಾಮಣ್ಣನ ಕುಲುಮೆ ಇದ್ದ ಕಡೆ ಒಬ್ಬ ಗೋಡೆಗೆ ಮುಖ ಮಾಡಿ ಉಚ್ಚೆ ಹೊಯ್ಯುತ್ತಿದ್ದ.

ಅಡಿಗೆಯ ಗುರಸಿದ್ದಯ್ಯ ಹುಡುಗರಿಗೆ ಒಲೆಗೆ ಕಲ್ಲು ತರಲು ಹೇಳಿದ. ಅವರು ಹತ್ತಿರದ ಗೋಡೆಯಿಂದ ಕಿತ್ತು ತಂದರು. ಅವಸರದಲ್ಲಿ ನನ್ನೊಳಗೆ ನೋಡದೆ, ಹುಳಿಯನ್ನಕ್ಕೆಂದು ಹುಣಸೆ ಹಿಂಡಿ ನನ್ನ ಹೊಟ್ಟೆಗೆ ಸುರಿದ. ಸಾವಂತ್ರವ್ವ ಕಂಬದಿಂದ ಹೆಜ್ಜೆ ಹಾಕುತ್ತ, ಇದು ಗೌಡರ ಮನೆ, ಇದು ಬಾವಿಯ ದಾರಿ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಬಂದವಳು ನನ್ನ ಮುಂದೆಯೇ ನಿಂತಳು. ಕೆಸರಿನಲ್ಲಿ ಒಂದು ಒರಳು, ಅದರ ಆಚೆ ಹೊಸ್ತಿಲು. ನಾನು ಕುದಿಯುತ್ತಿದ್ದದ್ದು ಅವಳ ತವರಿನ ಪಡಸಾಲೆಯಲ್ಲಿ, ಅವಳ ತವರಿನ ಗೋಡೆಯ ಕಲ್ಲುಗಳ ಮೇಲೆ.

ಅವಳು ಜಗಳ ಮಾಡಲಿಲ್ಲ. ಎಲ್ಲರೂ ಉಂಡು ಫೋಟೋಕ್ಕೆ ಹೋಗಲಿ, ಆಮೇಲೆ ಹೊಸ್ತಿಲ ಮೇಲೆ ಕೂರುತ್ತೇನೆ ಎಂದು ಗಂಟು ಹಿಡಿದು ಪಕ್ಕದಲ್ಲಿ ನಿಂತಳು. ಉಡಿ ತುಂಬುವವರೆಗೆ ಬಾಯಿಗೆ ನೀರೂ ಹಾಕುವುದಿಲ್ಲ ಎಂದಿದ್ದಳು, ಹಾಗಾಗಿ ಉಣ್ಣಲಿಲ್ಲ.

ಉಂಡವರು ಕೈ ತೊಳೆಯುವಷ್ಟರಲ್ಲಿ ಶುರುವಾಯಿತು. ಮೊದಲು ಪೂರ್ಣಿಮಾ, ಹಿಂದೆಯೇ ಅವಳ ಗಂಡ, ಮಕ್ಕಳು, ಮುದುಕರು. ಗೋಡೆಗೊಬ್ಬರು, ಕಂಬಕ್ಕೊಬ್ಬರು ಬಾಗಿ ವಾಂತಿ ಮಾಡಿದರು. ಸೊಗಸು ಮಾಡಿ ಉಟ್ಟು ಬಂದ ಬಟ್ಟೆಯೆಲ್ಲ ನಾರಿತು. ಸುತ್ತಲಿನ ಜನ ಮೂಗು ಮುಚ್ಚಿಕೊಂಡು ಅದನ್ನೂ ವಿಡಿಯೋ ಮಾಡಿದರು. ಶಿವಪುತ್ರಪ್ಪ ಹೊಟ್ಟೆ ಹಿಡಿದು ಹೊಸ್ತಿಲ ಮೇಲೇ ಕುಸಿದ, ಅಲ್ಲೇ ಕಾರಿದ. ತಲೆಯೆತ್ತಿ ನನ್ನೊಳಗೆ ನೋಡಿದ. ಅನ್ನದ ಅಂಚಿನಲ್ಲಿ ಹಸಿರು ಕಾಣುತ್ತಿತ್ತು.

“ಕಲಾಯಿ ಹಾಕಸಲಿಲ್ಲೇನ ವೈನಿ?”

“ಮರತೆ,” ಎಂದಳು.

ಓಣಿಯ ಯಾರಿಗೂ ಬರದ ನೆನಪು ಅವಳಿಗೊಬ್ಬಳಿಗೇ ಬರಬೇಕಿತ್ತಂತೆ. ಅವಳು ಗಂಟನ್ನು ಒರಳಿನ ಮೇಲಿಟ್ಟು, ಎಲ್ಲರ ಹಣೆ ಹಿಡಿದಳು, ನೀರು ಕುಡಿಸಿದಳು, ಬಾಯಿ ಒರೆಸಿದಳು, ಒಬ್ಬೊಬ್ಬರನ್ನೇ ಬಸ್ಸಿಗೆ ಹತ್ತಿಸಿದಳು. ಡ್ರೈವರು ದವಾಖಾನೆಗೆ ಹೋಗಬೇಕೆಂದು ಹಾರ್ನು ಒತ್ತುತ್ತಿದ್ದ. ಆ ವಿಷದ ಕೊಪ್ಪರಿಗೆಯನ್ನು ಹೊಳೆಗೆ ಒಗೆಯಿರಿ ಎಂದು ಶಿವಪುತ್ರಪ್ಪ ಕಿಟಕಿಯಿಂದ ಹೇಳಿದ. ಅವಳು ನನ್ನೊಳಗಿನ ಅನ್ನವನ್ನು ನಾಯಿ ತಿನ್ನದ ಹಾಗೆ ಕುಣಿ ತೋಡಿ ಮುಚ್ಚಿದಳು. ನನ್ನನ್ನು ಹೊಸ್ತಿಲ ಪಕ್ಕ ಬೋರಲು ಹಾಕಿದಳು. ಹೊಸ್ತಿಲ ಮೇಲೆ ಕೂರುವ ಹಾಗಿರಲಿಲ್ಲ. ಬಿಚ್ಚದ ಗಂಟು ಎತ್ತಿಕೊಂಡಳು.

“ನೀನರ ಇಲ್ಲಿ ಇರು,” ಎಂದು ನನಗೆ ಹೇಳಿ ಹೋದಳು.

ಮಳೆಗಾಲ ಬಂತು, ನೀರು ಏರಿತು. ಮುಳುಗಿದಾಗ ನನಗೆ ಭಯವಾಗಲಿಲ್ಲ. ಹೊಸ್ತಿಲ ಮೇಲಿನ ಹೊಲಸು ತೊಳೆದು ಹೋಯಿತು. ನನ್ನ ಕೆಳಗೆ ಮೀನುಗಳು ಬಂದು ಸೇರಿಕೊಂಡವು. ಅವು ಉಗುಳುವುದಿಲ್ಲ.

ಮುಂದಿನ ಬೇಸಿಗೆಗೆ ಮೈಯೆಲ್ಲ ಹಸಿರಾಗಿ ಮೇಲೆ ಬಂದೆ. ಅಲ್ಲೊಬ್ಬ ಇಲ್ಲೊಬ್ಬ ಬಂದರು. ಒಬ್ಬ ನನ್ನ ಮೇಲೆ ಬೂಟುಗಾಲಿಟ್ಟು ಫೋಟೋ ತೆಗೆಸಿಕೊಂಡ. ಇಬ್ಬರು ಪ್ರೇಮಿಗಳು ಬೀಗದ ಕೈಯಿಂದ ನನ್ನ ಬೆನ್ನ ಮೇಲೆ ತಮ್ಮ ಹೆಸರು ಕೆರೆದರು. ಆಮೇಲೆ ಅವರೂ ಬರುವುದು ನಿಂತಿತು. ಫೋನಿನಲ್ಲಿ ಬೇರೆ ಯಾವುದೋ ಜಾಗ ಬಂದಿರಬೇಕು.

ಒಂದು ದಿನ ಮಟಮಟ ಮಧ್ಯಾಹ್ನ ಸಾವಂತ್ರವ್ವ ಬಂದಳು. ಒಬ್ಬಳೇ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ದುಡ್ಡು ಇಲ್ಲವಂತೆ. ಕ್ರಾಸಿನಲ್ಲಿ ಇಳಿದು ನಡೆದು ಬಂದಿದ್ದಳು. ಯಾರನ್ನೂ ಕೇಳಲಿಲ್ಲವಂತೆ, ಗಂಡನಿಗೆ ರೊಟ್ಟಿ ಮುಚ್ಚಿಟ್ಟು ಹೇಳಿ ಬಂದಳಂತೆ, ಅವನು ಮಗ್ಗದಿಂದ ತಲೆ ಎತ್ತಿ ಹೂಂ ಅಂದನಂತೆ. ಇಷ್ಟೇ ಇತ್ತು ನೋಡು ಎಂದು ನನಗೆ ಹೇಳಿದಳು.

ಹೊಸ್ತಿಲ ಮೇಲೆ ಕೂತಳು. ಸೆರಗು ಒಡ್ಡಿ ತನ್ನ ಕೈಯಿಂದಲೇ ಅಕ್ಕಿ, ಕಾಯಿ, ಕುಬಸ ಹಾಕಿಕೊಂಡು ಗಂಟು ಕಟ್ಟಿದಳು. ಆಮೇಲೆ ಚೀಲದಿಂದ ಒಂದು ಉಂಡೆ ಹುಣಸೆಹಣ್ಣು ತೆಗೆದು ನನ್ನ ಕೊರಳನ್ನಷ್ಟೇ ತಿಕ್ಕಿದಳು, ಅಕ್ಷರ ಇದ್ದಲ್ಲಿ. ಉಳಿದ ಹಸಿರನ್ನು ಮುಟ್ಟಲಿಲ್ಲ.

ತಿಕ್ಕುತ್ತ ಓಣಿಯ ಸುದ್ದಿ ಹೇಳಿದಳು. ಕಟ್ಟೆಯ ಮೇಲೆ ಮತ್ತೆ ಯೋಜನೆ ನಡೆದಿದೆ. ಹಾಸ್ಯಕ್ಕೆ ಒಬ್ಬ ಬೆಣಚಿನಾಳ ಎಂದನಂತೆ, ಶಿವಪುತ್ರಪ್ಪ ಕೈ ಅಡ್ಡ ಹಿಡಿದನಂತೆ.

“ಎಲ್ಲಾರೂ ನೋಡ್ಯಾರಂತ. ನೋಡಿದ್ದು ಬ್ಯಾಡಂತ. ಇನ್ನ ಈ ಊರು ನಮಗ ಬಿಟ್ಟರು,” ಎಂದು ನಕ್ಕಳು.

ಬಸ್ಸಿನ ಹೊತ್ತಾಯಿತೆಂದು ಎದ್ದಳು. ಉಡಿ ತುಂಬಿದ ಮಗಳು ತಿರುಗಿ ನೋಡಬಾರದಂತೆ, ಅವಳು ನೋಡಲಿಲ್ಲ.

ಈಗ ನೀರು ಮತ್ತೆ ಏರುತ್ತಿದೆ. ಒರಳು ಮುಳುಗಿತು, ಹೊಸ್ತಿಲು ಮುಳುಗಿತು, ನನ್ನ ಬೆನ್ನವರೆಗೆ ಬಂದಿದೆ. ನಾನು ಸುತ್ತಿದ ಜಾಗಗಳಲ್ಲಿ ಒಂದನ್ನೂ ಮತ್ತೆ ನೋಡುವ ಮನಸ್ಸಿಲ್ಲ. ಇನ್ನು ಕೆಲವು ತಿಂಗಳು ಇಲ್ಲಿಗೆ ಬರಲು ಯಾರೂ ಯೋಜನೆ ಹಾಕುವುದಿಲ್ಲ. ಮುಂದಿನ ಬೇಸಿಗೆಗೆ ಒಬ್ಬಳು ಬರುತ್ತಾಳೆ. ಅವಳು ಯೋಜನೆ ಹಾಕುವವಳಲ್ಲ, ಸುಮ್ಮನೆ ಬಸ್ಸು ಹತ್ತುವವಳು.