ಲಿಸ್ಬನ್ನಿಗೆ ಎತ್ತದ ಟೋಸ್ಟು

ಮದುವೆಯಲ್ಲಿ ಟೋಸ್ಟು ಎತ್ತುವುದರಲ್ಲಿ ನಂತೂರಿನಿಂದ ಬೋಳಾರದವರೆಗೆ ನನ್ನನ್ನು ಮೀರಿಸುವವ ಹುಟ್ಟಿಲ್ಲ; ಹುಟ್ಟಿದ್ದರೂ ನನ್ನ ಭಾಷಣ ಕೇಳಿ ಮೂಕನಾಗಿರಬೇಕು. ನಾನು ವೈನಿನ ಲೋಟ ಹಿಡಿದು ಹರಸಿದ ಒಂದು ಮದುವೆಯೂ ಮುರಿದಿಲ್ಲ. ನಮ್ಮ ಕ್ರಿಸ್ತುವರಲ್ಲಿ ವಿಚ್ಛೇದನವೇ ಇಲ್ಲ ಎನ್ನುವುದು ಬೇರೆ ಮಾತು.

೧೯೫೫ರ ನವೆಂಬರಿನಲ್ಲಿ ನನ್ನ ಅಣ್ಣನ ಮಗಳು ಒಲಿಂಡಾಳ ಮದುವೆ. ಅಣ್ಣ ತೀರಿಕೊಂಡಿದ್ದ; ಅತ್ತಿಗೆ ಮಗ್ದಲೀನಳಿಗೆ ಇವಳೊಬ್ಬಳೇ. ವರ ಚಾರ್ಲ್ಸ್, ಮಡಗಾಂವಿನ ಮೇಷ್ಟ್ರು. ಗೋವೆಯಲ್ಲಿ ಇನ್ನೂ ಪೋರ್ತುಗೀಸರ ಆಳ್ವಿಕೆ, ಅಪ್ಪಣೆಯೆಲ್ಲ ಅವರ ರಾಜಧಾನಿ ಲಿಸ್ಬನ್ನಿನಿಂದ. ಆಗಸ್ಟಿನಲ್ಲಿ ಅವರು ಸತ್ಯಾಗ್ರಹಿಗಳನ್ನು ಗುಂಡಿಟ್ಟು ಕೊಂದ ಮೇಲೆ ಗಡಿಯೇ ಮುಚ್ಚಿತ್ತು. ಹೇಗೋ ಪರವಾನಗಿ ಗಿಟ್ಟಿಸಿ ವರನನ್ನು ಕರೆತಂದವನು ಅವನ ಸೋದರಮಾವ ಸಿಪ್ರಿಯನ್, ಪೋರ್ತುಗೀಸರ ಸುಂಕದ ಅಧಿಕಾರಿ. ಅವನ ಹೊಟ್ಟೆ ಚಪ್ಪರ ಹೊಕ್ಕು ಅರ್ಧ ಗಂಟೆಯ ನಂತರ ಅವನು ಬಂದ. ಮೀಸೆಗೆ ಹಚ್ಚಿದ ಎಣ್ಣೆಯಲ್ಲಿ ಊರಿಗೆಲ್ಲ ಹಪ್ಪಳ ಕರಿಯಬಹುದಿತ್ತು.

ಇಗರ್ಜಿಯಲ್ಲಿ ಮದುವೆ ಮುಗಿದು, ಬೋಳಾರದ ಮನೆಯ ಚಪ್ಪರದಲ್ಲಿ ನಾನು ಟೋಸ್ಟಿಗೆ ಎದ್ದೆ. ಸಿಪ್ರಿಯನ್ ಕೈಯೆತ್ತಿ ತಡೆದ.

“ಮೊದಲ ಟೋಸ್ಟು ಲಿಸ್ಬನ್ನಿನ ಸರಕಾರಕ್ಕೆ, ಬೊನಿಫಾಸ್ ಬಾಬ್. ಇನ್ನು ಹುಡುಗಿ ಅಲ್ಲಿಯ ಪ್ರಜೆ.”

“ಅದಿರಲಿ. ಅವಳು ಗಂಡನ ಜೊತೆ ತವರಿಗೆ ಮರಳುವ ಶಾಸ್ತ್ರ ಉಂಟಲ್ಲ, ಯಾವಾಗ ಕಳಿಸ್ತೀರಿ?”

“ಅದೆಲ್ಲ ಇಲ್ಲ. ಲಿಸ್ಬನ್ನಿನ ಅಪ್ಪಣೆ ಬೇಕು. ಈಗ ಕೊಡುವುದಿಲ್ಲ.”

ಅಪ್ಪಣೆ ಸಿಕ್ಕಿಯಾಗಿದೆ ಎಂದು ಮಾತುಕತೆಯ ದಿನ ಶಿಲುಬೆ ಮುಟ್ಟಿ ಹೇಳಿದವನು ಇವನೇ. ಅತ್ತಿಗೆ ಸೆರಗಿಗೆ ಮುಖ ಒತ್ತಿ ಅಳತೊಡಗಿದಳು. ನಾನು ಲೋಟವನ್ನು ಮೇಜಿಗೆ ಕುಕ್ಕಿದೆ.

“ಮಗಳು ಅಮ್ಮನ ಮನೆಗೆ ಬರಲಿಕ್ಕೆ ಸಮುದ್ರದಾಚೆಯವನ ಅಪ್ಪಣೆಯಾ? ಥೂ! ಅವನಿಗೆ ಇವಳ ಹೆಸರಾದರೂ ಗೊತ್ತುಂಟಾ?”

“ಲಿಸ್ಬನ್ ಅಂದರೆ ನಾನ್ನೂರು ವರ್ಷ ನಮ್ಮನ್ನು ಸಾಕಿದ ತಾಯಿ,” ಎಂದ ಸಿಪ್ರಿಯನ್, ಊಟಕ್ಕೆ ಮೊದಲೇ ಕೈಹಾಕಿದ್ದ ಹಂದಿಯ ಕೊಬ್ಬನ್ನು ಬೆರಳಿನಿಂದ ನೆಕ್ಕುತ್ತ. “ಗಡಿ ಮುಚ್ಚಿದರೂ ಹಾಲೆಂಡಿನ ಬಟಾಟೆ ತಿನ್ನಿಸ್ತಾಳೆ. ನಿಮ್ಮ ಸ್ವಾತಂತ್ರ್ಯ ಎಂತ ತಿನ್ನಿಸ್ತದೆ, ರೇಷನ್ನಿನ ಹುಳವಾ?”

“ಹುಳ ಉಂಟು ಮಾರಾಯ. ಸರಕಾರಕ್ಕೆ ಬೈದು ಬಿಸಾಡ್ತೇವೆ, ಬೈದವನಿಗೆ ಯಾರೂ ಗುಂಡು ಹೊಡೆಯುವುದಿಲ್ಲ. ಹಂದಿಗೂ ನಾವು ಹೊಟ್ಟೆ ತುಂಬ ಹಾಕ್ತೇವೆ. ಕ್ರಿಸ್ಮಸ್ಸಿಗೆ ಎಂತ ಮಾಡ್ತೇವೆ ಕೇಳು! ಆದರೂ ಯಾವ ಹಂದಿಯೂ ನಮ್ಮನ್ನು ಅಮ್ಮಾ ಅಂತ ಕರೆದದ್ದಿಲ್ಲ. ಅಷ್ಟು ಒಳ್ಳೆ ತಾಯಿಯಾದರೆ ನಮ್ಮ ಅಜ್ಜಂದಿರು ಗೋವೆ ಬಿಟ್ಟು ಇಲ್ಲಿಗೆ ಓಡಿ ಬಂದದ್ದು ಯಾಕೆ, ತುಳು ಕಲಿಯಲಿಕ್ಕಾ?”

ಚಪ್ಪರ ನಕ್ಕ ಸದ್ದಿಗೆ ನೇತ್ರಾವತಿಯ ದೋಣಿಗಳು ಮಗುಚಿದವು. ಸಿಪ್ರಿಯನ್ ಕೆಂಪಾದ.

“ಚಾರ್ಲ್ಸ್, ಏಳು! ಲಿಸ್ಬನ್ನಿಗೆ ಕುಡಿಯದ ಮನೆಯಲ್ಲಿ ನಮಗೆ ಊಟ ಇಲ್ಲ. ಹೆಂಡತಿಯನ್ನು ಕರಕೊ.”

ಒಲಿಂಡಾ ಏಳಲಿಲ್ಲ. “ಚಾರ್ಲ್ಸ್, ನೀನು ಹೇಳು. ನನ್ನನ್ನು ಅಮ್ಮನ ಹತ್ತಿರ ಕರಕೊಂಡು ಬರ್ತೀಯಾ?”

ಚಾರ್ಲ್ಸ್ ಅವಳನ್ನು ನೋಡಿದ, ಮಾವನನ್ನು ನೋಡಿದ. “ಮಾಮ್, ಎಂತ ಹೇಳಲಿ?”

ನಾನು ಬಂದರಿನಲ್ಲಿ ವಾರಗಟ್ಟಲೆ ಕೊಳೆತ ಬೂತಾಯಿ ಮೀನಿನ ರಾಶಿಯ ಪಕ್ಕ ಕುಳಿತು ಮೂರು ತಟ್ಟೆ ಗಂಜಿ ಉಂಡವ. ಆದರೆ ಆ ಮಾತಿಗೆ ನನಗೆ ವಾಕರಿಕೆ ಬಂತು.

“ಕೇಳಿದಿರಾ ಬಾಪ್ಪು?” ಎಂದಳು ಒಲಿಂಡಾ, ಚಿಕ್ಕಪ್ಪನಾದ ನನ್ನ ಕಡೆ ತಿರುಗಿ. ಮತ್ತೆ ಗಂಡನಿಗೆ, “ನಾನು ಬರುವುದಿಲ್ಲ. ಯಾರನ್ನೂ ಕೇಳದೆ ಗಡಿ ದಾಟಲಿಕ್ಕೆ ಆಗುವ ದಿನ ನೀನೇ ಬಾ.”

ಅವನು ಮಾವನ ಹಿಂದೆ ಹೋದ. ಕಾರಿನ ಬಾಗಿಲು ಎರಡು ಸಲ ಬಡಿದುಕೊಂಡಿತು.

ಒಲಿಂಡಾ ಬಿಳಿ ಉಡುಪಿನ ತೋಳು ಮೇಲೆ ಸರಿಸಿದಳು. “ಅಳಬೇಡ ಅಮ್ಮಾ, ನಾನು ಇಲ್ಲೇ ಇದ್ದೇನೆ. ಜನ ಹಸಿದಿದ್ದಾರೆ, ಬಡಿಸುವಾ.”

ನಾನು ಇಡ್ಲಿಯಂಥ ಸನ್ನಣದ ಬುಟ್ಟಿ ಹೊತ್ತು ಬಾಯಿ ಮುಚ್ಚಿಕೊಂಡು ಅವಳ ಹಿಂದೆ ನಡೆದೆ.