ಅವರಲ್ಲ, ಅಂಗಿ

ಮನೆ ಎಂದ ಮೇಲೆ ವಾಸನೆ ಇದ್ದೇ ಇರುತ್ತದೆ. ಬೆಳಗ್ಗೆ ಊದಿನಕಡ್ಡಿ, ಮಧ್ಯಾಹ್ನ ಬೆಳ್ಳುಳ್ಳಿ ಒಗ್ಗರಣೆ, ಸಂಜೆ ಸೊಳ್ಳೆಬತ್ತಿ, ನೆಲಕ್ಕೆ ಫಿನಾಯಿಲು. ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ನಾಸಿಕ್ ಹತ್ತಿರದ ಓಝರಿನಲ್ಲಿರುವ ಲಿಂಗರಾಜುವಿನ ಮನೆಯಲ್ಲಿ ಮಾತ್ರ ಒಂದು ವರ್ಷದಿಂದ ಜಗಳವೆಲ್ಲ ವಾಸನೆಯದೇ.

ಜಗಳ ಎಂದರೂ ಪೂರ್ತಿ ಸರಿಯಲ್ಲ. ಲಿಂಗರಾಜು ಮಾತು ಕಡಿಮೆಯ ಮನುಷ್ಯ. ಗದಗಿನ ಕಡೆಯವನು, ವಿಮಾನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ವೈರಿಂಗ್ ಕೆಲಸ. ಹೆಂಡತಿ ವನಜಾ "ಊದಿನಕಡ್ಡಿ ಬ್ಯಾಡ್ರಿ" ಎಂದರೆ ಏನೂ ಅನ್ನದೆ ಕಡ್ಡಿಯನ್ನು ನೀರಿಗೆ ಅದ್ದುತ್ತಿದ್ದ. "ಸೊಳ್ಳೆಬತ್ತಿ ಆರಿಸ್ರಿ" ಎಂದರೆ ಆರಿಸಿ, ಕೂತಲ್ಲೇ ಸೊಳ್ಳೆ ಹೊಡೆಯುತ್ತಿದ್ದ. ಒಂದೊಂದು ಏಟೂ ಒಂದೊಂದು ಮಾತಿನಂತೆ ಕೇಳುತ್ತಿತ್ತು.

ವನಜಾಳಿಗೆ ಕಾಯಿಲೆ ಇತ್ತು. ಎರಡು ವರ್ಷದ ಹಿಂದೆ ಒಂದು ಕಣ್ಣು ಮಂಜಾಯಿತು. ಆಮೇಲೆ ಎಡಗಾಲಿಗೆ ಹಿಡಿದ ಜೋಮು ಬಿಡಲೇ ಇಲ್ಲ. ನಾಸಿಕ್‌ನ ನರರೋಗ ತಜ್ಞರು ಎಂಆರ್‌ಐ ಮಾಡಿಸಿ, ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಔಷಧಿ ಶುರುವಾಯಿತು. ಕಾಲಿನ ಕಷ್ಟವನ್ನು ಲಿಂಗರಾಜು ನಂಬಿದ. ಬಚ್ಚಲಲ್ಲಿ ಹಿಡಿಕೆ ಹಾಕಿಸಿದ, ನೀರು ತಾನೇ ತುಂಬಿದ. ಆದರೆ ಕಾಲಿನ ಕಾಯಿಲೆ ಮೂಗಿಗೆ ಹೇಗೆ ಬಂದೀತು?

ಅವನ ಎದೆಯಲ್ಲಿ ಇನ್ನೊಂದು ಮುಳ್ಳಿತ್ತು. ಹೋದ ತಿಂಗಳು ಒಂದು ಸಂಜೆ ಅವನು ಕೆಲಸದಿಂದ ಬಂದು ಪಕ್ಕದಲ್ಲಿ ಕೂತಾಗ ವನಜಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಒಂಚೂರು ದೂರ ಇರ್ರಿ" ಎಂದು ಎದ್ದು ಹೋದಳು. ಅಂದಿನಿಂದ ಅವನು ಹೊರಗಿನ ಕೋಣೆಯಲ್ಲಿ ಮಲಗತೊಡಗಿದ. ಅವಳು ಯಾಕೆಂದು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಏಪ್ರಿಲ್ ತಿಂಗಳ ಒಂದು ಭಾನುವಾರ ಅವನು ಅವಳ ಚೀಲ ಕಟ್ಟಿಸಿದ. ಸಂಭಾಜಿನಗರದಲ್ಲಿ ಅವನ ಅಕ್ಕ ಸರೋಜಿನಿಯ ಮನೆಯಿದೆ. ಅಲ್ಲಿ ನಾಲ್ಕಾರು ತಿಂಗಳು ಇರಲಿ, ಗಾಳಿ ಬದಲಾದರೆ ಮೂಗೂ ನೆಟ್ಟಗಾದೀತು ಎಂದ. ಅವಳನ್ನು ಬಿಟ್ಟು ತಾನು ಮರುದಿನ ವಾಪಸು.

"ನನ್ನ ಶನಿವಾರದ ಹುಡುಗ್ರು?" ವನಜಾ ಕೇಳಿದ್ದು ಅಷ್ಟೇ. ಕಾಲೋನಿಯ ಕನ್ನಡದ ಮಕ್ಕಳಿಗೆ ಪ್ರತಿ ಶನಿವಾರ ಅವಳು ಕನ್ನಡ ಓದಲು ಕಲಿಸುತ್ತಿದ್ದಳು. ಮನೆಯಲ್ಲಿ ಕೇಳಿ ಅರ್ಥವಾಗುವ ಭಾಷೆಯನ್ನು ಆ ಮಕ್ಕಳಿಗೆ ಓದಲು ಬರುತ್ತಿರಲಿಲ್ಲ.

"ರಜಾ ಕೊಡು" ಎಂದ ಲಿಂಗರಾಜು.

ನಾಸಿಕ್ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿದರು. ಜೊತೆಗೆ ಕೆಳಗಿನ ಮನೆಯ ರಾಧಾಬಾಯಿ ಇದ್ದರು. ಅವರು ನಿವೃತ್ತ ನರ್ಸು. ಹುಟ್ಟಿದ್ದು ಅಕ್ಕಲಕೋಟೆಯ ಕಡೆ, ಹಾಗಾಗಿ ಕನ್ನಡ ಮರಾಠಿ ಎರಡೂ ಒಂದೇ ಬಾಯಲ್ಲಿ. ಸಂಭಾಜಿನಗರದ ಮಗಳ ಮನೆಗೆ ಹೊರಟಿದ್ದರು. ಕಾಲೋನಿಯವರಿಗೆಲ್ಲ ಅವರು ಮಾವಶಿ, ಅಂದರೆ ಚಿಕ್ಕಮ್ಮ.

ಲಾಸಲಗಾಂವ್‌ನಲ್ಲಿ ಒಬ್ಬ ವ್ಯಾಪಾರಿ ಹತ್ತಿ, ಈರುಳ್ಳಿ ಚೀಲವನ್ನು ಇವರ ಕಾಲ ಬಳಿಯೇ ಇಳಿಸಿದ. ಬೋಗಿ ಕಾದ ಹಂಚಿನಂತಿತ್ತು. ವನಜಾಳ ಮುಖ ಬಿಳಿಚಿಕೊಂಡಿತು.

"ಇದರಾಗ ಯಾವುದೋ ಕೊಳತೈತಿ" ಎಂದಳು ಮೆಲ್ಲಗೆ.

ವ್ಯಾಪಾರಿಗೆ ಮಾತು ತಿಳಿಯದಿದ್ದರೂ ಅವಳ ಸೆರಗು ತಿಳಿಯಿತು. ಮಾಲು ತಾಜಾ ಇದೆ ಬಾಯೀ ಎಂದು ಹಿಂದಿಯಲ್ಲಿ ಹೇಳಿ, ಚೀಲದ ಬಾಯಿ ಬಿಚ್ಚಿ, ಮೊಳಕೈವರೆಗೆ ಕೈ ಹಾಕಿ ತಿರುವಿ ತೋರಿಸಿದ. ಕೊಳೆತದ್ದು ಒಂದೂ ಸಿಗಲಿಲ್ಲ. ಸುತ್ತಲಿನವರು ಇವರನ್ನೇ ನೋಡಿದರು. ಲಿಂಗರಾಜು ತಲೆ ತಗ್ಗಿಸಿದ.

ಬಾಗಿಲ ಬಳಿ ಗಾಳಿಗೆ ಹೋಗೋಣವೆಂದು ವನಜಾ ಎದ್ದಳು. ಎರಡು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ಎಡಗಾಲು ಏಳಲಿಲ್ಲ, ಮೊಣಕಾಲೂರಿ ಕುಸಿದಳು.

"ಚಕ್ಕರ್ ಆಲೀ, ಚಕ್ಕರ್ ಆಲೀ" ಎಂದು, ತಲೆ ಸುತ್ತಿ ಬಿದ್ದಳೆಂದುಕೊಂಡು, ವ್ಯಾಪಾರಿ ಗಾಬರಿಯಾದ. ಒಳ್ಳೆಯ ಮನುಷ್ಯ. ಒಂದು ಈರುಳ್ಳಿಯನ್ನು ಗುದ್ದಿ ಒಡೆದು ಲಿಂಗರಾಜುವಿನ ಕೈಗೆ ಕೊಟ್ಟ. ಬಿದ್ದವರಿಗೆ ಈರುಳ್ಳಿ ಮೂಸಿಸುವುದನ್ನು ಲಿಂಗರಾಜುವೂ ಊರಲ್ಲಿ ನೋಡಿದ್ದ. ಹೆಂಡತಿಯ ತಲೆ ಹಿಡಿದು, ಒಡೆದ ಈರುಳ್ಳಿಯನ್ನು ಅವಳ ಮೂಗಿಗೆ ಒತ್ತಿದ. ಅವಳು ಕೂಗಲಿಲ್ಲ. ಅವನ ಕೈಯನ್ನು ಎರಡೂ ಕೈಯಿಂದ ತಳ್ಳಲು ನೋಡಿದಳು, ಆಗಲಿಲ್ಲ.

ರಾಧಾಬಾಯಿ ಅವನ ಮಣಿಕಟ್ಟಿಗೆ ಒಂದು ಏಟು ಕೊಟ್ಟರು. ಈರುಳ್ಳಿ ಸೀಟಿನಡಿ ಉರುಳಿತು.

"ತಗಿ ಅದನ್ನ. ಮೂರ್ಛೆ ಬಂದಿಲ್ಲ ಆಕಿಗೆ, ಕಣ್ಣ ತಕ್ಕೊಂಡ ನೋಡಾಕತ್ತಾಳ. ಬಿಸಿಲಿಗೆ ಕಾಲು ಸೋತೈತಿ, ಅಷ್ಟ. ಮೂರ್ಛೆ ಬಂದವರಿಗೂ ಉಳ್ಳಾಗಡ್ಡಿ ಮೂಸಿಸಬಾರದು, ಚಪ್ಪಲಿ ಮೂಸಿಸಬಾರದು. ಅದೇನು ಔಷಧ ಅಲ್ಲ."

ಕಿಟಕಿಯ ಸೀಟು ಬಿಡಿಸಿ ವನಜಾಳನ್ನು ಕೂರಿಸಿದರು. ಒದ್ದೆ ಕರವಸ್ತ್ರವನ್ನು ಕತ್ತಿಗೆ ಹಾಕಿದರು. ಗುಟುಕು ಗುಟುಕಾಗಿ ನೀರು ಕುಡಿಸಿದರು. ವ್ಯಾಪಾರಿ ತಾನಾಗಿಯೇ ಚೀಲವನ್ನು ಎಳೆದುಕೊಂಡು ಬೋಗಿಯ ಆ ತುದಿಗೆ ಹೋದ.

ಸ್ವಲ್ಪ ಹೊತ್ತಿನಲ್ಲಿ ವನಜಾಳ ಉಸಿರು ಸರಿಯಾಯಿತು.

"ವಾಸನಿ ಎಷ್ಟ ದಿನದಿಂದ ಹಿಂಗ?" ರಾಧಾಬಾಯಿ ಕೇಳಿದರು.

"ಅದು ಆಕಿ ಮನಸಿಂದು, ಮಾವಶಿ..." ಲಿಂಗರಾಜು ಬಾಯಿ ತೆರೆದ.

"ನಿನ್ನ ಕೇಳಲಿಲ್ಲ ತಮ್ಮಾ. ಮೂಗು ಆಕಿದು."

ವನಜಾ ಸಣ್ಣಗೆ ನಕ್ಕಳು. "ಒಂದ ವರ್ಷ ಆತ್ರಿ. ಫಿನಾಯಿಲು, ಊದಿನಕಡ್ಡಿ, ಸೊಳ್ಳೆಬತ್ತಿ. ಬಂತಂದ್ರ ತಲಿ ಒಡೀತೈತಿ, ಹೊಟ್ಟಿ ತೊಳಸತೈತಿ."

"ಡಾಕ್ಟರಿಗೆ ಹೇಳೀಯೇನು?"

"ಅಲ್ಲಿ ಇವರೇ ಮಾತಾಡ್ತಾರ್ರಿ. ಕಣ್ಣಿಂದು ಹೇಳ್ತಾರ, ಕಾಲಿಂದು ಹೇಳ್ತಾರ. ಮೂಗಿನ ಪಾಳಿ ಬರೂದ್ರಾಗ ಟೈಮ್ ಮುಗದಿರತೈತಿ."

ರಾಧಾಬಾಯಿ ಲಿಂಗರಾಜುವಿನ ಕಡೆ ತಿರುಗಿದರು. "ರೋಗ ಬರದಂಗ ಕಾಯೂ ಶಕ್ತಿ ಮೈಯಾಗ ಇರತೈತಲ್ಲ, ಈ ಬ್ಯಾನ್ಯಾಗ ಅದೇ ದಾರಿ ತಪ್ಪಿ ನರದ ಮ್ಯಾಲಿನ ಪದರ ಕೆಡಸತೈತಿ. ನೀ ವೈರಿನ ಮನಷ್ಯಾ. ವೈರಿನ ಮ್ಯಾಲಿನ ಹೊದಿಕಿ ಸವದ್ರ ಏನಾಕ್ಕೈತಿ ಹೇಳು."

"ಸಿಗ್ನಲ್ ಸರಿ ಹೋಗಂಗಿಲ್ಲ. ಒಮ್ಮೊಮ್ಮೆ ಇಲ್ಲದ್ದನ್ನೂ ತೋರಿಸತೈತಿ."

"ಯಾವ ವೈರು ಸವೀತೈತಿ ಅಂತ ಮೊದಲ ಹೇಳಾಕ ಬರತೈತೇನು?"

"ಇಲ್ಲ."

"ಮತ್ತ ಕಣ್ಣಿಗೆ ಕಾಲಿಗೆ ಬಂದದ್ದು ಮೂಗಿಗೆ ಬರಾಕ ನಿನ್ನ ಪರ್ಮಿಶನ್ ಬೇಕೇನು?"

ರಾಧಾಬಾಯಿ ದನಿ ತಗ್ಗಿಸಿದರು. "ನಾ ಡಾಕ್ಟರಲ್ಲ, ಗೊತ್ತಿದ್ದಷ್ಟ ಹೇಳ್ತೀನಿ. ಈ ಬ್ಯಾನಿಯವರಿಗೆ ವಾಸನಿ ಮಂದ ಆಗೂದ ಹೆಚ್ಚು. ಆದ್ರ ಕೆಲವರು ಇಕಿ ಹಂಗ, ಸಣ್ಣ ವಾಸನಿನೂ ತಡಿಯಾಕ ಆಗವಲ್ದು ಅಂತಾರ. ಯಾಕ ಅನ್ನೂದು ಇನ್ನೂ ಪೂರ್ತಿ ತಿಳದಿಲ್ಲ. ಅರೆತಲೆನೋವಿಂದನೂ ಇರಬಹುದು, ಯಾವುದೋ ಗುಳಿಗಿಯಿಂದನೂ ಇರಬಹುದು. ಅದಕ್ಕ ಡಾಕ್ಟರ ಕಿವಿಗೆ ಹಾಕಬೇಕು. ತಾವಾಗಿ ಔಷಧ ಮಾತ್ರ ಬಿಡಬಾರದು."

"ಆದ್ರ ಮಾವಶಿ, ಚೀಲ ತಿರವಿ ನೋಡಿದ್ರಲ್ಲ. ಏನೂ ಸಿಗಲಿಲ್ಲ."

ವನಜಾ ತನ್ನ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಗಂಡನ ತೊಡೆಯ ಮೇಲಿಟ್ಟಳು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಪುಟದಲ್ಲಿ ಸ್ಕೇಲು ಹಿಡಿದು ಎಳೆದ ಗೆರೆಗಳಿದ್ದವು. ತಾರೀಖು, ದೂರು, ಏನು ಮಾಡಲಾಯಿತು, ಸಹಿ. ಆ ನಾಲ್ಕು ಕಾಲಮ್ಮುಗಳನ್ನು ನೋಡಿದ ಕೂಡಲೇ ಲಿಂಗರಾಜುವಿಗೆ ಗುರುತು ಸಿಕ್ಕಿತು. ಅದು ಅವನ ಕೆಲಸದ ದೂರು ಪುಸ್ತಕದ ನಮೂನೆ.

"ಮಾರ್ಚ್ ೪. ಫಿನಾಯಿಲು. ಸೆಕೆ. ಎರಡು ತಾಸು ತಲೆನೋವು. ಅಡುಗೆ ಬಿಡಲಿಲ್ಲ."

"ಮಾರ್ಚ್ ೧೪. ಕೆಳಗಿನ ಮನೆಯ ಒಣಮೀನು. ಹುಡುಗರು ಬಂದಿದ್ದರು. ಕಿಟಕಿಯ ಹತ್ತಿರ ಕೂತು ಪಾಠ ಮುಗಿಸಿದೆ."

"ಕೆಳಗಿನ ಮನಿ ಅಂದ್ರ ನಂದ" ಎಂದರು ಇಣುಕಿ ನೋಡುತ್ತಿದ್ದ ರಾಧಾಬಾಯಿ.

"ಮಾರ್ಚ್ ೧೯. ಅವರ ಅಂಗಿ. ಕಾರ್ಖಾನೆಯ ಎಣ್ಣೆಯ ವಾಸನೆ. ಅವರಲ್ಲ, ಅಂಗಿ. ಹೇಳಬೇಕೆಂದು ತಿರುಗಿ ಬಂದೆ. ಅವರು ಹಾಸಿಗೆ ಹೊರಗೆ ಒಯ್ದಿದ್ದರು."

ಲಿಂಗರಾಜು ಆ ಸಾಲನ್ನು ಮತ್ತೆ ಓದಿದ. ಬಲಗಡೆಯ ಎರಡು ಕಾಲಮ್ಮುಗಳೂ ಖಾಲಿ. ಪುಟ ತಿರುವಿದ. ಅಲ್ಲಿಯೂ ಖಾಲಿ. ವರ್ಷವಿಡೀ 'ಏನು ಮಾಡಲಾಯಿತು' ಎಂಬುದರ ಕೆಳಗೆ ಒಂದಕ್ಷರವೂ ಇರಲಿಲ್ಲ.

ಮದುವೆಯಾದ ಹೊಸದರಲ್ಲಿ ಅವನೇ ಅವಳಿಗೆ ಹೆಮ್ಮೆಯಿಂದ ಹೇಳಿದ್ದ. ವಿಮಾನ ಹಾರಿಸಿ ಬಂದವರು ಕೆಳಗಿಳಿದು ದೂರು ಬರೆಯುತ್ತಾರೆ: ಇಷ್ಟು ಎತ್ತರದಲ್ಲಿ, ಹೀಗೆ ತಿರುಗಿಸುವಾಗ, ಒಂದು ಸದ್ದು ಬಂತು. ನೆಲದ ಮೇಲೆ ಎಷ್ಟು ತಡಕಿದರೂ ಕೆಲವು ಸಲ ಏನೂ ಸಿಗುವುದಿಲ್ಲ. ಹಾಗೆಂದು ಯಾರೂ "ನಿಮಗೆ ಭ್ರಮೆ" ಎಂದು ಪುಸ್ತಕ ಮುಚ್ಚುವುದಿಲ್ಲ. ದೋಷ ಸಿಗಲಿಲ್ಲ, ನಿಗಾ ಇಡಬೇಕು ಎಂದು ಬರೆದು, ಮುಂದಿನ ಸಲ ಇನ್ನೂ ಹುಷಾರಾಗಿ ಕೇಳುತ್ತಾರೆ. ಮೇಲೆ ಇದ್ದವರು ಅವರು, ನಾವಲ್ಲ.

ಗುರುತಿಲ್ಲದವರ ಕಿವಿಯನ್ನು ಇಪ್ಪತ್ತು ವರ್ಷ ನಂಬಿದವನು ಮನೆಯವಳ ಮೂಗನ್ನು ನಂಬಿರಲಿಲ್ಲ. ಅವಳು ದಿನವೂ ಒಬ್ಬಳೇ ಹಾರಿದ್ದಳು. ಇಳಿದು ಬಂದು ದೂರು ಬರೆದಿದ್ದಳು, ರೊಟ್ಟಿ ಬಡಿದಿದ್ದಳು, ಯಾರದೋ ಮಕ್ಕಳಿಗೆ ಕಾಗುಣಿತ ತಿದ್ದಿದ್ದಳು. ಇಡೀ ನೋಟ್‌ಬುಕ್ಕಿನಲ್ಲಿ ಅವನ ಮೇಲೆ ಒಂದೇ ಒಂದು ಬೈಗುಳ ಇರಲಿಲ್ಲ. ಇಷ್ಟು ದೊಡ್ಡ ಮನಸ್ಸಿನವಳ ಜೊತೆ ಒಂದೇ ಸೂರಿನಡಿ ಇದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ.

ದೌಲತಾಬಾದಿನ ಕೋಟೆಗುಡ್ಡ ಕಂಡಾಗ ಅವನು ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ಊದಿನಕಡ್ಡಿ ಹಚ್ಚಬ್ಯಾಡ."

"ಹಚ್ಚೂದೇನು, ಲೋಬಾನದ ಹೊಗಿ ಹಾಕೀನಿ ಮನಿತುಂಬ. ಫಿನಾಯಿಲ್ಲೆ ಎರಡ ಸಲ ಒರಸೀನಿ. ವನಜಾ ಬರ್ತಾಳಂತ."

"ಕಿಟಕಿ ಎಲ್ಲಾ ತಗಿ. ಬರೇ ನೀರ್ಲೆ ಮತ್ತೊಮ್ಮೆ ಒರಸು."

"ಯಾಕೋ ಲಿಂಗೂ, ಹೆಂಡತಿ ಮೂಗಿಗೆ ಇಷ್ಟ ಹೆದರಿದೇನು?"

"ಹೆದರಿಲ್ಲ ಅಕ್ಕಾ. ನಂಬೀನಿ." ನೋಟ್‌ಬುಕ್ಕು ಮುಚ್ಚುತ್ತ ಹೇಳಿದ. "ನಾಳೆ ಇಬ್ಬರೂ ವಾಪಸ್ ಹೋಗ್ತೀವಿ. ಶನಿವಾರ ಹುಡುಗ್ರು ಬರ್ತಾರ."

ವನಜಾ ಕೋಟೆಯ ಕಡೆಯೇ ನೋಡುತ್ತಿದ್ದಳು. ಅಲ್ಲಿಂದ ಕಣ್ಣು ತೆಗೆಯದೆ ಹೇಳಿದಳು. "ಅಕ್ಕಾರ ಬೆಳ್ಳುಳ್ಳಿ ಚಟ್ನಿ ಬ್ಯಾಡ ಅಂದಗಿಂದೀರಿ ಮತ್ತ. ಅದರ ವಾಸನಿ ನನಗ ನಡೀತೈತಿ."

ಮುಂದಿನ ವಾರ ನೋಟ್‌ಬುಕ್ಕು ಡಾಕ್ಟರ ಮೇಜಿನ ಮೇಲಿತ್ತು. ಮಾತಾಡಿದವಳು ವನಜಾ. ಡಾಕ್ಟರು ಎಲ್ಲ ಪುಟ ಓದಿದರು, ತಲೆನೋವಿನ ಬಗ್ಗೆ ಬಿಡಿಸಿ ಕೇಳಿದರು, ಕಾರಣ ಇದೇ ಎಂದು ಆತುರದಿಂದ ಹೇಳಲಿಲ್ಲ, ಬರೆಯುವುದನ್ನು ನಿಲ್ಲಿಸಬೇಡಿ ಎಂದರು. ಮನೆಯಲ್ಲಿ ಕಸದ ಬುಟ್ಟಿಗೆ ಮುಚ್ಚಳ ಬಂತು. ನೆಲಕ್ಕೆ ವಾಸನೆಯಿಲ್ಲದ ಸೋಪಿನ ನೀರು ಬಂತು. ಸೊಳ್ಳೆಬತ್ತಿಯ ಬದಲು ಸೊಳ್ಳೆಪರದೆ. ಒಗ್ಗರಣೆಯ ಹೊತ್ತಿಗೆ ಕಿಟಕಿ ತೆರೆದಿರುತ್ತದೆ. ರಾಧಾಬಾಯಿ ಮೀನು ಹುರಿಯುವ ಮುಂಚೆ ಕೆಳಗಿನಿಂದ ಕೂಗಿ ಹೇಳುತ್ತಾರೆ. ವಾಸನೆಯ ಕಾಟ ಪೂರ್ತಿ ಬಿಟ್ಟಿತೆಂದಲ್ಲ. ಕೆಟ್ಟ ದಿನಗಳು ಈಗಲೂ ಬರುತ್ತವೆ. ಆ ದಿನ ಅವಳು ಹೇಳುತ್ತಾಳೆ, ಅವನು ಕೇಳುತ್ತಾನೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿಯೂ ಇಂಥವರು ಇರಬಹುದು. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂಟುವ ರೋಗವಲ್ಲ, ನಾಟಕವೂ ಅಲ್ಲ. ಹೊರಗೆ ಕಾಣದ ಕಷ್ಟ ಅದರಲ್ಲಿ ಬಹಳ. ಬಿಸಿಲಿಗೆ ಸೋತು ಕುಸಿದರೆ ತಂಪಿನಲ್ಲಿ ಕೂರಿಸಿ. ಮೂಗಿಗೆ ಏನನ್ನೂ ಹಿಡಿಯಬೇಡಿ. ಬಿದ್ದವರಿಗೆ ಎಚ್ಚರ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಯಾವ ವಾಸನೆ ತಡೆದುಕೊಳ್ಳಲು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಅವರನ್ನೇ ಕೇಳಿ. ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಡಾಕ್ಟರ ಮುಂದೆ ಅವರಿಗೆ ಮಾತಾಡಲು ಬಿಡಿ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ನಂಬಿ.

ವನಜಾಳ ನೋಟ್‌ಬುಕ್ಕಿನ ಬಲಗಡೆಯ ಕಾಲಮ್ಮುಗಳು ಈಗ ತುಂಬುತ್ತಿವೆ. ಮಾರ್ಚ್ ೧೯ರ ಸಾಲಿನೆದುರು ಲಿಂಗರಾಜುವಿನ ಅಕ್ಷರ, ಪಕ್ಕದಲ್ಲಿ ತಾರೀಖು ಸಮೇತ ಅವನ ಸಹಿ:

"ಅಂಗಿ ಹೊರಗೆ. ಹಾಸಿಗೆ ಒಳಗೆ."