ಕೇಳದೆ ಏನನ್ನೂ ತರದ ಮೇಸ್ತ್ರಿ

ಹೊಸ ಕೋಟಿನ ಜೇಬುಗಳ ಬಾಯನ್ನು ದರ್ಜಿಗಳು ಹೊಲಿದೇ ಕಳಿಸುತ್ತಾರೆ. ಕೊಂಡವನು ಮನೆಗೆ ಬಂದ ಮೇಲೆ ಕತ್ತರಿಯ ತುದಿಯಿಂದ ಆ ನೂಲನ್ನು ಬಿಚ್ಚಿಕೊಳ್ಳಬೇಕು. ಸ್ರೆತೆನ್ ಬಿಚ್ಚುವುದಿಲ್ಲ. ಅವನ ಬೂದುಬಣ್ಣದ ಉಣ್ಣೆಯ ಕೋಟು ಮೊಣಕೈಗಳಲ್ಲಿ ಸವೆದು ತೆಳ್ಳಗಾಗಿದೆ, ಕಾಲರಿನ ಅಂಚು ಹೊಳಪುಗಟ್ಟಿದೆ, ಆದರೆ ಜೇಬುಗಳ ಮೇಲೆ ಅಂಗಡಿಯಿಂದ ಬಂದ ದಿನದ ಬಿಳಿಯ ನೂಲು ಹಾಗೆಯೇ ಇದೆ. ಬೀಗದ ಕೈಗಳು ಕೊರಳಿನ ದಾರದಲ್ಲಿ ತೂಗುತ್ತವೆ, ಕರವಸ್ತ್ರ ತೋಳಿನೊಳಗೆ ಸೇರಿಕೊಂಡಿರುತ್ತದೆ. "ಜೇಬು ಇದ್ರೆ ತುಂಬತ್ತೆ," ಎಂದು ಒಮ್ಮೆ ಹೇಳಿದ್ದ. ಅದಕ್ಕಿಂತ ಹೆಚ್ಚಿನ ವಿವರಣೆಯನ್ನು ಅವನಿಂದ ಯಾರೂ ಪಡೆದಿಲ್ಲ. ಅವನ ಸೈಕಲ್ಲಿಗೆ ಕ್ಯಾರಿಯರ್ ಕೂಡ ಇಲ್ಲ. ನಮ್ಮ ಸೋಂಬೊರಿನಂಥ ಸಪಾಟು ಊರಿನಲ್ಲಿ, ಅಜ್ಜಿಯರೂ ಸೈಕಲ್ಲಿನ ಹಿಂದೆ ಕುಂಬಳಕಾಯಿ ಕಟ್ಟಿಕೊಂಡು ಸಂತೆಯಿಂದ ಮರಳುವ ಕಡೆ, ಇದು ಎದ್ದು ಕಾಣುವ ಸಂಗತಿ.

ನಡೆಯುವಾಗ ಅವನು ಗೋಡೆಯ ಪಕ್ಕಕ್ಕೇ ಸರಿದುಕೊಳ್ಳುತ್ತಾನೆ, ಹಿಂದಿನಿಂದ ಯಾರೋ ಅವಸರದವರು ಬರುತ್ತಿದ್ದಾರೆ, ಅವರಿಗೆ ದಾರಿ ಬಿಡಬೇಕು ಎಂಬಂತೆ. ನಮ್ಮ ವಾರಪತ್ರಿಕೆಯ ಕಚೇರಿ ಇರುವ ಕಟ್ಟಡದ ಮೇಲ್ಮಹಡಿಯಲ್ಲಿ ಅಂಧರ ಗ್ರಂಥಾಲಯವಿದೆ. ಎರಡೂ ಮಹಡಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಅವನೇ. ನಲ್ಲಿ ಸರಿಮಾಡುವವನಿಂದ ಹಿಡಿದು ಗಡಿಯಾರ ಬಿಚ್ಚುವವನವರೆಗೆ ಕೈಕೆಲಸ ಬಲ್ಲವನನ್ನು ಇಲ್ಲಿ ಹೇಗೆ ಕರೆಯುತ್ತಾರೋ ಹಾಗೆಯೇ ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಾರೆ. ಯಾವುದೇ ವಸ್ತುವನ್ನು ಅವನ ಮುಂದೆ ತಂದಿಟ್ಟರೂ, ಅದು ಹೊಸ ಮುದ್ರಣಯಂತ್ರವಿರಲಿ, ಜನ್ಮದಿನದ ಕೇಕಿನ ತುಂಡಿರಲಿ, ಅವನ ಮೊದಲ ಮಾತು ಒಂದೇ: "ಇದನ್ನ ಕೇಳಿದ್ದು ಯಾರು?"

ಈ ಪ್ರಶ್ನೆಯ ಮೂಲ ಅವನ ವೃತ್ತಿಯಲ್ಲಿದೆ. ಯುನಿಕ್ಸ್ ಕುಲದ ಯಂತ್ರಗಳಲ್ಲಿ ತಂತ್ರಾಂಶಗಳು ಪ್ಯಾಕೇಜುಗಳಾಗಿ, ಕಟ್ಟುಕಟ್ಟಾಗಿ ಬರುತ್ತವೆ. ದೂರದ ಭಂಡಾರವೊಂದರಿಂದ ಹೆಸರು ಹೇಳಿ ಒಂದನ್ನು ಕರೆದರೆ, ಅದು ತನಗೆ ಬೇಕಾದ ಇನ್ನಷ್ಟನ್ನು ಬೆನ್ನ ಹಿಂದೆ ಕರೆತರುತ್ತದೆ; ಅವು ಮತ್ತಷ್ಟನ್ನು. ಕೆಲವು ವರ್ಷ ಕಳೆದರೆ ಯಾವುದನ್ನು ಮನುಷ್ಯರು ಕೇಳಿದ್ದರು, ಯಾವುದು ಸುಮ್ಮನೆ ಜೊತೆಗೆ ಬಂತು ಎಂಬುದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಹಳೆಯ ಯಂತ್ರ ಮುಪ್ಪಾಗಿ ಹೊಸದು ಬಂದಾಗ ಈ ಕಸುಬಿನ ಹೆಚ್ಚಿನವರು ಹಳೆಯದರಲ್ಲಿ ಇದ್ದುದನ್ನೆಲ್ಲ ಹೊಸದರಲ್ಲೂ ಹಾಕಲು ಆಜ್ಞೆ ಕೊಟ್ಟು ಕಾಫಿಗೆ ಎದ್ದುಹೋಗುತ್ತಾರೆ. ಸ್ರೆತೆನ್ ಹಾಗೆ ಮಾಡುವವನಲ್ಲ. ಅವನು ಹೊಸ ಯಂತ್ರವನ್ನು ಹೆಚ್ಚುಕಡಿಮೆ ಬರಿದಾಗಿ ನಿಲ್ಲಿಸುತ್ತಾನೆ, ಎಲ್ಲರನ್ನೂ ಅದಕ್ಕೆ ಕೂರಿಸುತ್ತಾನೆ, ಕೂಗಿಗಾಗಿ ಕಾಯುತ್ತಾನೆ. ಯಾರಾದರೂ "ಅಯ್ಯೋ, ಅದೆಲ್ಲಿ ಹೋಯ್ತು?" ಎಂದಾಗ ಮಾತ್ರ ಆ ಒಂದನ್ನು ಭಂಡಾರದಿಂದ ತರಿಸುತ್ತಾನೆ. ಕೂಗು ನಿಂತಾಗ ಸ್ಥಳಾಂತರ ಮುಗಿಯಿತೆಂದು ಲೆಕ್ಕ. ಅನಂತರ ಹಳೆಯ ಯಂತ್ರದ ಡಿಸ್ಕನ್ನು ಅಳಿಸಿಹಾಕುತ್ತಾನೆ. ಉಳಿಸಿದರೆ ಜನ ಕದ್ದುಮುಚ್ಚಿ ಅಲ್ಲಿಗೇ ಮರಳುತ್ತಾರೆ ಎಂಬುದು ಅವನ ಅನುಭವ.

ತಂದೆಯ ಮನೆಯಿಂದ ಹೊಸ ಫ್ಲ್ಯಾಟಿಗೆ ಅವನು ಹೋದದ್ದೂ ಇದೇ ಕ್ರಮದಲ್ಲಿ. ಮೊದಲ ದಿನ ಹಾಸಿಗೆ, ಕಾಫಿ ಕಾಯಿಸುವ ಹಿಡಿಪಾತ್ರೆ, ಇಷ್ಟೇ. ಸಾರು ಕುಡಿಯಬೇಕೆನಿಸಿದಾಗ ಆ ಪಾತ್ರೆಯಲ್ಲೇ ಕಾಯಿಸಿ, ಅದರಿಂದಲೇ ಕುಡಿದು, ಮಾರನೆಯ ದಿನ ತಂದೆಯ ಮನೆಗೆ ಸೈಕಲ್ ತುಳಿದು ಹೋಗಿ ಒಂದು ಬಟ್ಟಲು, ಒಂದು ಚಮಚ ತಂದ. ಪರದೆಗಳು ಬಂದದ್ದು ಎದುರುಮನೆಯವರು ದೂರಿದ ಮೇಲೆ. ಅವನ ಹೆಂಡತಿ ಈ ಕತೆಯನ್ನು ಬಂದವರಿಗೆಲ್ಲ ಹೇಳುತ್ತಾಳೆ: "ನನ್ನ ಎಷ್ಟನೇ ವಾರಕ್ಕೆ ಕೇಳ್ತಾನೋ ನೋಡೇಬಿಡೋಣ ಅಂತ ತವರಲ್ಲಿ ಕೂತಿದ್ದೆ. ಮಾರನೇ ದಿನಾನೇ ಬಂದ. ಬಂದು, ಉಪ್ಪಿನ ಡಬ್ಬಿ ಎಲ್ಲಿದೆ ಅಂದ!"

ಕಳೆದ ಶರತ್ಕಾಲದಲ್ಲಿ ಗ್ರಂಥಾಲಯದ ಮುಖ್ಯ ಯಂತ್ರದ ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಬರತೊಡಗಿತು. ಬ್ರೈಲಿಗೆ ಇಳಿಯುವ ಶಾಲಾಪುಸ್ತಕಗಳ ಕೆಲಸವೆಲ್ಲ ಅದರಲ್ಲೇ ನಡೆಯುತ್ತಿತ್ತು; ಪ್ರತಿ ಮೇಜಿನಿಂದಲೂ ಒಂದು ತಂತಿ ಅದಕ್ಕೇ ಹೋಗುತ್ತಿತ್ತು. ಗ್ರಂಥಾಲಯದ ಮುಖ್ಯಸ್ಥೆ ಒಲಿವೆರಾ ಹೇಗೋ ಹಣ ಹೊಂದಿಸಿ ಹೊಸದನ್ನು ತರಿಸಿದಳು. ಸ್ರೆತೆನ್ ತನ್ನ ಪದ್ಧತಿಯಂತೆ ಅದನ್ನು ಬರಿದಾಗಿ ನಿಲ್ಲಿಸಿದ. ಕೂಗುಗಳು ಬಂದವು. ಬ್ರೈಲ್ ಅಚ್ಚಿನವರು ಕೂಗಿದರು, ಧ್ವನಿಮುದ್ರಣದವರು ಕೂಗಿದರು, ಯಾರೋ ಇಸ್ಪೀಟಾಟಕ್ಕಾಗಿಯೂ ಕೂಗಿದರು. ಅದನ್ನೂ ತರಿಸಿಕೊಟ್ಟ, ಕೇಳಿದರೆ ಕೊಡಬೇಕು ಎಂಬ ವಿಷಯದಲ್ಲೂ ಅವನು ಅಷ್ಟೇ ಕಟ್ಟುನಿಟ್ಟು. ಕ್ರಮೇಣ ಸದ್ದಡಗಿತು. ಹಳೆಯ ಯಂತ್ರದ ತಂತಿ ಕಿತ್ತು ಮೂಲೆಗೆ ಸರಿಸಿದ. ಸೋಮವಾರ ಅಳಿಸುವುದೆಂದು ನಿಗದಿಯಾಯಿತು.

ಆ ಸೋಮವಾರವೇ ಬೊಸಿಲ್ಕ ಕೆಲಸಕ್ಕೆ ಮರಳಿದಳು. ಸೊಂಟದ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಅವಳನ್ನು ಬಿಸಿನೀರಿನ ಬುಗ್ಗೆಯ ಆರೋಗ್ಯಧಾಮಕ್ಕೆ ಕಳಿಸಿದ್ದರು. ಎಲ್ಲರೂ ಕೂಗುತ್ತಿದ್ದ ವಾರಗಳಲ್ಲಿ ಅವಳು ಗಂಧಕದ ನೀರಿನಲ್ಲಿ ಕಾಲು ನೀಡಿಕೊಂಡಿದ್ದಳು. ಬೊಸಿಲ್ಕ ಹುಟ್ಟು ಅಂಧೆ, ಗ್ರಂಥಾಲಯದ ಕರಡು ತಿದ್ದುವವಳು. ಅಚ್ಚಿಗೆ ಹೋಗುವ ಪ್ರತಿಯೊಂದು ಪುಟವನ್ನೂ ಯಂತ್ರ ಅವಳ ಕಿವಿಗೆ ಓದಿ ಹೇಳಬೇಕು. ಓದುತ್ತಿದ್ದುದು ಮಿಲೋಯೆ. ಈ ಊರಿನ ರೇಡಿಯೋ ಎಂಜಿನಿಯರೊಬ್ಬರು ಎಷ್ಟೋ ವರ್ಷಗಳ ಹಿಂದೆ ಬರೆದುಕೊಟ್ಟ ಕೃತಕ ದನಿಗೆ ಗ್ರಂಥಾಲಯದವರು ಇಟ್ಟ ಹೆಸರದು. ತಗಡಿನ ಡಬ್ಬದೊಳಗೆ ಕೂತು ಮಾತಾಡಿದಂಥ ದನಿ. ಅದನ್ನು ಅವಳು ಎಷ್ಟು ವೇಗವಾಗಿ ಓಡಿಸುತ್ತಿದ್ದಳೆಂದರೆ, ಪಕ್ಕದಲ್ಲಿ ನಿಂತ ನಮಗೆ ಹೊಲಿಗೆಯಂತ್ರ ತಿರುಗಿದಂತೆ ಕೇಳುತ್ತಿತ್ತು.

ಅವಳು ಕುಳಿತು ಕಿವಿಗೆ ಹೆಡ್‌ಫೋನ್ ಹಾಕಿದಳು, ತೆಗೆದಳು. ನಾನು ಆಗ ಅಲ್ಲಿಯೇ ಇದ್ದೆ. ಪತ್ರಿಕೆಯ ಸುದ್ದಿಗೆಂದು ಒಲಿವೆರಾಳನ್ನು ಮಾತಾಡಿಸಲು ಹೋಗಿದ್ದೆ.

"ಯಾರಿದು ಹುಡುಗಿ?" ಎಂದಳು ಬೊಸಿಲ್ಕ. "ವಿಮಾನ ಹತ್ತಿ ಅಂತ ಕರೆಯೋ ಹಾಗೆ ಓದ್ತಾ ಇದಾಳೆ."

"ಹೊಸ ದನಿ ಅಕ್ಕಾ," ಎಂದಳು ಒಲಿವೆರಾ. "ಎಷ್ಟು ಚೆನ್ನಾಗಿದೆ ಕೇಳು. ಮನುಷ್ಯರ ಥರಾನೇ."

"ಅದೇ ತೊಂದರೆ. ಮಿಲೋಯೆ ಎಲ್ಲಿ?"

ಸ್ರೆತೆನ್ ಕೋಣೆಯ ಬಾಗಿಲಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದ. "ಭಂಡಾರದಲ್ಲಿ ಅದು ಇಲ್ಲ ಅಕ್ಕಾ. ಕೈಯಲ್ಲಿ ಮಾಡಿ ಹಾಕಿದ್ದು ಅದು. ಅದಕ್ಕೆ ಬೇಕಾದ ಹಳೇ ಕಟ್ಟುಗಳೂ ಈಗ ಎಲ್ಲೂ ಸಿಗಲ್ಲ. ಯಾರೂ ಕೇಳಲೂ ಇಲ್ಲ."

"ಯಾರು ಕೇಳ್ಬೇಕಿತ್ತು? ನಾನು ನೀರಲ್ಲಿ ಬಿದ್ದಿದ್ದೆ."

ಒಲಿವೆರಾ ಅಭ್ಯಾಸವಾಗುತ್ತದೆ ಎಂದಳು. ಬೊಸಿಲ್ಕ ಸಿಟ್ಟಿಲ್ಲದೆಯೇ ವಿವರಿಸಿದಳು: ಈ ಹುಡುಗಿ ಬುದ್ಧಿವಂತೆ. ಪುಟದಲ್ಲಿ ಒಂದು ಅಕ್ಷರ ತಪ್ಪಿದ್ದರೆ ತಾನೇ ಊಹಿಸಿ ಸರಿಯಾಗಿ ಓದಿಬಿಡುತ್ತಾಳೆ. ಅಲ್ಪವಿರಾಮವಿಲ್ಲದ ಕಡೆಯೂ ಉಸಿರೆಳೆದುಕೊಳ್ಳುತ್ತಾಳೆ. ಹಾಗಾಗಿ ತಪ್ಪು ಬೊಸಿಲ್ಕಳ ಕಿವಿಗೆ ಬೀಳುವುದೇ ಇಲ್ಲ. "ಮಿಲೋಯೆಗೆ ತಲೇಲಿ ಏನೂ ಇಲ್ಲ. ಇದ್ದಿದ್ದನ್ನ ಇದ್ದ ಹಾಗೆ ಒದರ್ತಾನೆ. ಅದಕ್ಕೇ ಅವನು ನಂಗೆ ಬೇಕು."

"ಸ್ವಲ್ಪ ದಿನ ನೋಡೋಣ," ಎಂದಳು ಒಲಿವೆರಾ. "ಆಗ್ಲಿಲ್ಲ ಅಂದ್ರೆ ಬೇರೆ ಏನಾದ್ರೂ ಯೋಚನೆ ಮಾಡೋಣ." ಆ ಬೇರೆಯದು ಏನೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕರಡು ತಿದ್ದುವ ಕೆಲಸವನ್ನು ಹೊರಗಿನ ಸಂಸ್ಥೆಗೆ ಕೊಡುವ ಮಾತು ಮೊದಲೇ ಒಮ್ಮೆ ಬಂದಿತ್ತು. ಬೊಸಿಲ್ಕಳಿಗೆ ಅವಧಿಗೆ ಮುನ್ನ ಪಿಂಚಣಿ, ಅವಳ ಮೇಜಿನ ಮೇಲೆ ಹೂಕುಂಡ.

ಸ್ರೆತೆನ್ ಆಗದೆಂಬಂತೆ ತಲೆಯಾಡಿಸಿ ಬೊಸಿಲ್ಕಳತ್ತ ತಿರುಗಿದ. "ಹೊಸ ಯಂತ್ರಕ್ಕೆ ಹಳೇ ಸಾಮಾನು ಎಳೆದು ತರಲ್ಲ ಅಕ್ಕಾ. ಒಂದು ತಂದ್ರೆ ಅದರ ಹಿಂದೆ ಹತ್ತು ಬರತ್ತೆ. ಕರೆಯದೇ ಬಂದವನಿಗೆ ಜಾಗ ಕೊಟ್ರೆ—"

"ಮೇಸ್ತ್ರಿ," ಎಂದು ಬೊಸಿಲ್ಕ ನಡುವೆಯೇ ತಡೆದಳು, "ನಿಮ್ಮನೆ ಸ್ಲಾವಾ ಯಾವತ್ತು?"

ಸ್ಲಾವಾ ಎಂದರೆ ಮನೆತನದ ಸಂತನ ದಿನ. ಆ ದಿನಕ್ಕೆ ಇಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಬರುವವರು ಬರುತ್ತಾರೆ, ಬಂದವರಿಗೆ ಮೊದಲು ಬೇಯಿಸಿದ ಗೋಧಿಯ ಸಿಹಿ, ಅನಂತರ ಊಟ. ಬಾಗಿಲಲ್ಲಿ ಯಾರಾದರೂ ನಿಂತರೆ ಕರೆ ಹೋಗಿತ್ತೇ ಎಂದು ಕೇಳುವ ಮನೆ ಈ ಸೀಮೆಯಲ್ಲಿಲ್ಲ. ಸ್ರೆತೆನ್‌ನ ಮನೆಯಲ್ಲಿ ಅದು ನವೆಂಬರಿನಲ್ಲಿ, ಜುರ್ಜಿತ್ಸ ಎಂಬ ಹಬ್ಬದ ದಿನ. ಜೇಬಿಲ್ಲದ ಈ ಮನುಷ್ಯನ ಮನೆ ಅಂದು ಮೆಟ್ಟಿಲವರೆಗೂ ತುಂಬಿರುತ್ತದೆ.

"ಮುಂದಿನ ವಾರ," ಎಂದ.

"ಬರ್ತೀನಿ. ಪ್ರತಿ ವರ್ಷ ಬಂದಿದೀನಿ, ನಿಮ್ಮಮ್ಮ ಇದ್ದಾಗಿಂದ. ಈ ಸಲ ಬಾಗಿಲಲ್ಲಿ ನಿಂತು ಕೇಳು, ನಿನ್ನ ಕರೆದಿದ್ದು ಯಾರು ಬೊಸಿಲ್ಕ, ಅಂತ. ನಾನು ಹಾಗೇ ವಾಪಸ್ ಹೋಗ್ತೀನಿ."

ಯಾರೂ ನಗಲಿಲ್ಲ. ಈ ಊರಿನಲ್ಲಿ ಒಬ್ಬ ಗೃಹಸ್ಥನಿಗೆ ಹೇಳಬಹುದಾದ ಮಾತುಗಳಲ್ಲಿ ಇದಕ್ಕಿಂತ ಮುಂದೆ ಹೋಗುವುದು ಕಷ್ಟ. ಸ್ರೆತೆನ್ ಕೊರಳಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದ, ಸುತ್ತಿ ಬಿಚ್ಚಿದ. ಆಮೇಲೆ ಮೂಲೆಗೆ ಹೋಗಿ ಹಳೆಯ ಯಂತ್ರಕ್ಕೆ ತಂತಿ ಸಿಕ್ಕಿಸಿದ.

ಅದು ಮೊದಲ ಸಲ ಏಳಲಿಲ್ಲ. ಎರಡನೆಯ ಸಲವೂ ಟಿಕ್ ಟಿಕ್ ಎಂದು ನಿಂತಿತು. ಬೊಸಿಲ್ಕ ಕುರ್ಚಿ ಸರಿಸಿಕೊಂಡು ಹತ್ತಿರ ಬಂದು, ಡಬ್ಬದ ಮೇಲೆ ಅಂಗೈ ಇಟ್ಟು ಕುಳಿತಳು. "ಒಳಗೆ ತಿರುಗ್ತಾ ಇದೆ," ಎಂದಳು. "ಅವಸರ ಮಾಡ್ಬೇಡ." ಒಲಿವೆರಾ ಎದುರಿನ ಬೇಕರಿಯಿಂದ ಕಿಫ್ಲ ತರಿಸಿದಳು, ಯಾರೂ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಂತ್ರ ಎದ್ದಿತು. ತೀರಿಕೊಂಡ ಆ ರೇಡಿಯೋ ಎಂಜಿನಿಯರರ ಖಾತೆ ಅದರಲ್ಲಿ ಇನ್ನೂ ಇತ್ತು. ಮಿಲೋಯೆಯನ್ನು ಬರೆದ ಮೂಲ ಪಠ್ಯ ಅಲ್ಲಿತ್ತು. ಹೊರಟುಹೋದವರ ಖಾತೆಗಳನ್ನು ಸ್ರೆತೆನ್ ಎಂದೂ ಸಾಗಿಸುವವನಲ್ಲ. ಅಂದು ಅದನ್ನು ನಕಲು ಮಾಡಿಕೊಂಡ. ನಕಲು ಮುಗಿದು ಸ್ವಲ್ಪ ಹೊತ್ತಿಗೆ ಡಿಸ್ಕು ನಿಂತುಹೋಯಿತು, ಮತ್ತೆ ಏಳಲಿಲ್ಲ.

ಮುಂದಿನ ಕೆಲಸದಲ್ಲಿ ವೀರಗಾಥೆಯೇನೂ ಇಲ್ಲ. ಹಳೆಯ ಕಾಲದ ಬರವಣಿಗೆಯನ್ನು ಹೊಸ ಯಂತ್ರ ಸಾಲುಸಾಲಿಗೂ ತಿರಸ್ಕರಿಸಿತು. ಅವನು ಸಾಲುಸಾಲಾಗಿ ತಿದ್ದಿದ. ಮಿಲೋಯೆ ತನ್ನ ದನಿಯನ್ನು ಹೊರಗೆ ಬಿಡುತ್ತಿದ್ದ ಹಳೆಯ ದಾರಿಯೇ ಈ ಯಂತ್ರದಲ್ಲಿ ಮುಚ್ಚಿಹೋಗಿತ್ತು. ಬೇರೆ ದಾರಿ ಕೊರೆದ. ಅಷ್ಟು ದಿನವೂ ಬೊಸಿಲ್ಕ ವಿಮಾನದ ಹುಡುಗಿಯೊಂದಿಗೆ ಕುಳಿತು, ಸಂಶಯ ಬಂದ ಪದವನ್ನೆಲ್ಲ ಅಕ್ಷರ ಅಕ್ಷರವಾಗಿ ಬೆರಳಲ್ಲಿ ತಡವಿ ನೋಡುತ್ತ, ದಿನಕ್ಕೆ ಕೆಲವೇ ಪುಟ ಮುಗಿಸುತ್ತಿದ್ದಳು. ಒಲಿವೆರಾ ಆ ಕಡೆ ನೋಡದಂತೆ ಓಡಾಡುತ್ತಿದ್ದಳು.

ಕೊನೆಗೊಂದು ಬೆಳಿಗ್ಗೆ ಅವನು ಅವಳಿಗೆ ಹೆಡ್‌ಫೋನ್ ಕೊಟ್ಟ. ಅವಳು ಒಂದು ಸಾಲು ಕೇಳಿ ತಲೆ ಓರೆ ಮಾಡಿದಳು.

"ಇವನು ಮಿಲೋಯೆ ಅಲ್ಲ. ಅವನ ತಮ್ಮ."

"ಅಂದ್ರೆ?"

"ಗಂಟಲು ಒಡೆದಿಲ್ಲ ಇನ್ನೂ. ಹೈಸ್ಕೂಲು ಹುಡುಗ."

ಸ್ರೆತೆನ್ ತಾನೂ ಕೇಳಿದ. ಅವನಿಗೆ ವ್ಯತ್ಯಾಸ ತಿಳಿಯಲಿಲ್ಲ. ಆದರೂ ವಾದಿಸದೆ ಹೋದ. ಹೊಸ ಯಂತ್ರ ದನಿಯನ್ನು ಇರಬೇಕಾದುದಕ್ಕಿಂತ ತುಸು ಬೇಗ ನುಡಿಸುತ್ತಿತ್ತು, ಅದರಿಂದ ಶ್ರುತಿ ಮೇಲೇರಿತ್ತು. ಅದನ್ನು ಸರಿಪಡಿಸಿ ಮತ್ತೆ ತಂದ. ಈ ಸಲ ಅವಳು ನೇರ ಕೆಲಸಕ್ಕೆ ಇಳಿದಳು. ಐದನೆಯ ತರಗತಿಯ ಇತಿಹಾಸದ ಪುಟ ತೆರೆದು, ವೇಗ ಏರಿಸಿ, ಏರಿಸಿ, ಹೊಲಿಗೆಯಂತ್ರದ ಸದ್ದಿಗೆ ಮುಟ್ಟಿಸಿ, ಒಂದು ಕಡೆ ಗಕ್ಕನೆ ನಿಲ್ಲಿಸಿದಳು. "ಯಾರಪ್ಪಾ ಇದನ್ನ ಕುಟ್ಟಿದ್ದು? ಸುಲ್ತಾನನ ಹೆಸರಲ್ಲಿ ಒಂದಕ್ಷರ ನುಂಗಿದಾರಲ್ಲ!" ಒಲಿವೆರಾ ಆ ಸಾಲನ್ನು ಪರದೆಯಲ್ಲಿ ನೋಡಿ, ಮೇಜಿನ ಮೇಲೆ ಇನ್ನೊಂದು ಪುಸ್ತಕದ ಕರಡು ಇಟ್ಟುಹೋದಳು. ಪಿಂಚಣಿಯ ಮಾತು ಆಮೇಲೆ ಬರಲಿಲ್ಲ.

ಸ್ರೆತೆನ್ ಅಲ್ಲಿಗೆ ಬಿಡಲಿಲ್ಲ. ತಿದ್ದಿದ್ದನ್ನು ಯಂತ್ರದ ಒಂದು ಮೂಲೆಯಲ್ಲಿ ಬಿಸಾಡಿದರೆ ಮುಂದಿನ ಸ್ಥಳಾಂತರದಲ್ಲೂ ಇದೇ ಗತಿ ಎಂದು, ಅದನ್ನು ಕ್ರಮಪ್ರಕಾರ ಕಟ್ಟು ಕಟ್ಟಿ, ಹೆಸರು ಕೊಟ್ಟು, ಯಾರು ಬೇಕಾದರೂ ಕರೆದು ತರಿಸಿಕೊಳ್ಳುವ ಹಾಗೆ ಇಟ್ಟ. ಅಂಥ ಪ್ರತಿಯೊಂದು ಕಟ್ಟಿಗೂ ಜವಾಬ್ದಾರರಾದ ಒಬ್ಬರ ಹೆಸರು ಬೇಕು. ತನ್ನದನ್ನೇ ಹಾಕಿದ. "ಹಾಗಾದ್ರೆ ಇನ್ಮೇಲೆ ಇದು ಕೆಟ್ರೆ ನಿನ್ನನ್ನೇ ಹಿಡ್ಕೋಬೇಕು," ಎಂದಳು ಒಲಿವೆರಾ. "ಹೂಂ," ಎಂದ.

ಅವನ ಪದ್ಧತಿ ಬದಲಾಗಿಲ್ಲ. ನಮ್ಮ ಪತ್ರಿಕೆಯ ಯಂತ್ರವನ್ನು ಈ ಚಳಿಗಾಲದಲ್ಲಿ ಬದಲಿಸಿದಾಗಲೂ ಬರಿದಾಗಿಯೇ ನಿಲ್ಲಿಸಿದ, ನಾವೂ ಕೂಗಿದೆವು. ಹಳೆಯದನ್ನು ಅಳಿಸುವ ಮುಂಚೆ ಮಾತ್ರ ನಮ್ಮ ಸಂಪಾದಕರ ಮೇಜಿನ ಬಳಿ ನಿಂತು ಕೇಳಿದ, "ರಜೆ ಮೇಲೆ ಯಾರಾದ್ರೂ ಇದಾರಾ? ಹೆರಿಗೆಗೆ ಹೋದೋರು, ಆಸ್ಪತ್ರೇಲಿರೋರು?" ಒಬ್ಬಳಿದ್ದಳು. ಅವಳು ಬರುವವರೆಗೆ ಕಾದ.

ಹೀಗೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಜನರ ಕೆಲಸವನ್ನು ಹೊತ್ತು ದಾಟಿಸುವ ಇನ್ನೂ ಕೆಲವರನ್ನು ನಾನು ಆಸ್ಪತ್ರೆಗಳಲ್ಲಿ, ರೈಲ್ವೆ ಕಚೇರಿಗಳಲ್ಲಿ, ಕಿಟಕಿಯಿಲ್ಲದ ಕೋಣೆಗಳಲ್ಲಿ ಕಂಡಿದ್ದೇನೆ. ಒರಟರೆನಿಸುತ್ತಾರೆ. ಬಿಟ್ಟುಬರುವುದೇ ಅವರ ವಿದ್ಯೆ, ಅದು ಬಾರದವನು ಈ ಕಸುಬಿನಲ್ಲಿ ಮುಳುಗಿಹೋಗುತ್ತಾನೆ. ಕೆಲಸ ಕೆಟ್ಟರೆ ಅವರ ಹೆಸರು ಎಲ್ಲರ ಬಾಯಲ್ಲಿರುತ್ತದೆ. ಸರಿಯಾಗಿ ನಡೆದರೆ ದಾಟಿದ್ದೇ ಯಾರಿಗೂ ತಿಳಿಯುವುದಿಲ್ಲ. ಕೂಗಿದವರಿಗೆ ಓಗೊಡುವುದನ್ನು ಅವರೆಲ್ಲರೂ ಬಲ್ಲರು. ಖಾಲಿ ಕುರ್ಚಿಯೊಂದನ್ನು ಕಂಡು, ಇದರ ಒಡೆಯರು ಬಂದ ಮೇಲೆ ಏನು ಕೇಳಿಯಾರು ಎಂದು ಕೈ ತಡೆದು ನಿಲ್ಲುವುದನ್ನು ಮಾತ್ರ ಅವರಲ್ಲಿ ಕೆಲವರೇ ಕಲಿಯುತ್ತಾರೆ. ಅದೂ ಯಾರೋ ಒಬ್ಬರು ಕೊನೆಯ ಗಳಿಗೆಯಲ್ಲಿ ಬಾಗಿಲು ತಟ್ಟಿದ ಮೇಲೆ.